ಪತ್ರಾದ ಮೇಲಿನ ಕಲ್ಲುಗಳು

ಮೌಶಿಯ ಮುಖಕ್ಕಿಂತ ಅವರ ಹಿಮ್ಮಡಿಗಳು ನನಗೆ ಚೆನ್ನಾಗಿ ನೆನಪಿವೆ. ನಾನು ಅವರನ್ನು ಹೆಚ್ಚಾಗಿ ಕಂಡಿದ್ದು ಏಣಿಯ ಕೆಳಗೆ ನಿಂತು. ಅವರು ಮೇಲೆ, ಮನೆಯ ತಗಡಿನ ಪತ್ರಾದ ಅಂಚಿನಲ್ಲಿ, ಹಲ್ಲಲ್ಲಿ ತಂತಿ ಕಚ್ಚಿಕೊಂಡು. ನಾನು ಕೆಳಗೆ, ಎರಡೂ ಕೈಯಲ್ಲಿ ಏಣಿ ಹಿಡಿದುಕೊಂಡು. ಒಡೆದ ಹಿಮ್ಮಡಿ, ಬಿರುಕಿನಲ್ಲಿ ಕೂತ ಕೆಂಪು ಮಣ್ಣು, ಒಂದು ಪಾದದ ಮೇಲೆ ಬಿಸಿ ಬೇಳೆ ಚೆಲ್ಲಿ ಆದ ಕಲೆ. ಎಡಗಾಲೋ ಬಲಗಾಲೋ ಎಂದು ಯಾರಾದರೂ ಕೇಳಿದರೆ ಆಣೆ ಮಾಡಿ ಹೇಳಲಾರೆ.

ಹೋದ ತಿಂಗಳು ಔರಾದಿನಿಂದ ಅವರ ತಮ್ಮ ಫೋನ್ ಮಾಡಿದರು. ಅಕ್ಕ ತೀರಿಕೊಂಡರು, ರವಿವಾರ ಪುಣ್ಯಾನುಮೋದನ ಇಟ್ಟಿದ್ದೇವೆ, ಹಳೆಯ ಪರಿಚಯದವರು ನಾಲ್ಕು ಮಾತು ಆಡಬೇಕು, ಬರಲೇಬೇಕು ಎಂದರು. ಬೌದ್ಧರ ಮನೆಗಳಲ್ಲಿ ಸತ್ತವರ ನೆನಪಿಗೆ ಕೂಡುವ ಸಭೆ ಅದು. ಬೀದರಿನ ನನ್ನ ಸ್ಲ್ಯಾಬಿನ ಮನೆಯಲ್ಲಿ ಕೂತು, ಆಡಬೇಕಾದ ನಾಲ್ಕು ಮಾತನ್ನು ಬರೆದುಕೊಳ್ಳಲು ನೋಡಿದೆ. ಎರಡು ತಾಸಿನಲ್ಲಿ ಅರ್ಧ ಪುಟವೂ ಆಗಲಿಲ್ಲ. ಬರೆದ ಪ್ರತಿ ವಾಕ್ಯದ ಎದುರಿಗೂ, ಇದು ನಿಜವಾಗಿ ನಡೆದದ್ದೇ, ನನಗೆ ಅನುಕೂಲವೆಂದು ಹೀಗೆ ನೆನಪಿದೆಯೇ ಎಂಬ ಪ್ರಶ್ನೆ ಬಂದು ನಿಲ್ಲುತ್ತಿತ್ತು. ನನ್ನ ನೆನಪನ್ನು ನಾನು ನಂಬುವುದಿಲ್ಲ. ಆದರೆ ಅದರಲ್ಲಿ ಒಂದು ಭಾಗವನ್ನು ನಂಬದೆ ಇರುವುದರಲ್ಲಿ ನನಗೆ ಬಹಳ ಲಾಭವಿತ್ತು ಎಂಬುದೂ ಗೊತ್ತಿದೆ.

ಗುಲ್ಬರ್ಗಾದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ನಾನು ಭಾಲ್ಕಿಯ ಒಂದು ಕಾಲೇಜಿಗೆ ತಾತ್ಕಾಲಿಕ ಉಪನ್ಯಾಸಕನಾಗಿ ಬಂದಿದ್ದೆ. ಸ್ಟೇಷನ್ನಿನ ಹಿಂದೆ ಸಾಲಾಗಿ ಒಂದೊಂದೇ ಕೋಣೆಯ ಏಳು ಖೋಲಿಗಳು. ಮಣ್ಣಿನ ಗೋಡೆ, ಮೇಲೆ ಪತ್ರಾ, ಎಂದರೆ ತಗಡು. ಮಾಲೀಕರು ಬೀದರಿನಲ್ಲಿದ್ದರು. ಪತ್ರಾಕ್ಕೆ ಬೋಲ್ಟು ಹಾಕಿಸಿ ಎಂದರೆ ಬರುವ ವರ್ಷ ನೋಡೋಣ ಎನ್ನುತ್ತಿದ್ದರು. ಒಂದನೆಯ ಖೋಲಿ ನನ್ನದು, ಏಳನೆಯದು ಮೌಶಿಯದು. ಎರಡರಲ್ಲಿ ರೈಲ್ವೆಯಿಂದ ನಿವೃತ್ತರಾದ ಒಬ್ಬ ಅಜ್ಜ. ನಡುವಿನ ನಾಲ್ಕು ಖೋಲಿಯವರು ಬರ ಬಿದ್ದ ಮೇಲೆ ಬಾಗಿಲಿಗೆ ಕೀಲಿ ಹಾಕಿ, ಹೆಂಡಿರು ಮಕ್ಕಳೊಂದಿಗೆ ರೈಲು ಹತ್ತಿದ್ದರು. ಕೆಲವರು ಪುಣೆಗೆ, ಕೆಲವರು ಹೈದರಾಬಾದಿಗೆ, ಕಟ್ಟಡದ ಕೆಲಸಕ್ಕೆ. ಹೋಗುವಾಗ ಎಲ್ಲರೂ ಚಾವಿಯನ್ನು ಮೌಶಿಯ ಕೈಗೆ ಕೊಟ್ಟು ಹೋದರು. ನನ್ನ ಕೈಗೆ ಯಾರೂ ಕೊಡಲಿಲ್ಲ. ಆಗ ಅದರಿಂದ ನನಗೆ ಸ್ವಲ್ಪ ಅವಮಾನವೂ ಆಗಿತ್ತು.

ಓಣಿಗೆಲ್ಲ ಮೌಶಿ, ಎಂದರೆ ಚಿಕ್ಕಮ್ಮ, ಆಗಿದ್ದ ಅವರು ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ಬೇಸಿಗೆಯಲ್ಲಿ ಹಾಸ್ಟೆಲ್ ಮುಚ್ಚುತ್ತಿತ್ತು. ಏಪ್ರಿಲ್ ತಿಂಗಳ ಜಯಂತಿ ಮುಗಿದ ಮರುದಿನ ಅವರ ಗಾಳಿಯ ಕೆಲಸ, ಪತ್ರಾ ಹಾರಿಹೋಗದಂತೆ ಕಟ್ಟುವುದು, ಶುರುವಾಗುತ್ತಿತ್ತು. ಮೆರವಣಿಗೆಯಲ್ಲಿ ಕಟ್ಟಿದ ನೀಲಿ ನಿಶಾನಿಯೊಂದನ್ನು ಓಣಿಯ ಕಂಬದ ಮೇಲೆ ಹಾಗೆಯೇ ಉಳಿಸುತ್ತಿದ್ದರು. ಸಂಜೆ ಅದು ಯಾವ ಕಡೆ ಹಾರುತ್ತದೆ ಎಂದು ನೋಡಿ ಮರುದಿನ ಯಾವ ಗೋಡೆಯಿಂದ ಆರಂಭಿಸಬೇಕೆಂದು ತೀರ್ಮಾನಿಸುತ್ತಿದ್ದರು. ಸ್ಟೇಷನ್ ರಸ್ತೆಯ ಸೈಕಲ್ ಅಂಗಡಿಯಿಂದ ಹರಿದ ಟ್ಯೂಬುಗಳನ್ನು ತಂದು ಬೆರಳಗಲ ಪಟ್ಟಿ ಕತ್ತರಿಸುತ್ತಿದ್ದರು. ಪತ್ರಾದ ಮೇಲೆ ಅಡ್ಡಲಾಗಿ ಬಿದಿರು, ಬಿದಿರಿನ ಮೇಲೆ ಟ್ಯೂಬಿನ ಪಟ್ಟಿ, ಪಟ್ಟಿಯ ಮೇಲೆ ತಂತಿ, ತಂತಿಯ ಎರಡು ತುದಿ ಗೋಡೆಯ ಬುಡದ ಗೂಟಕ್ಕೆ. ರಬ್ಬರ್ ಇದ್ದರೆ ಗಾಳಿ ಎಳೆದಾಗ ತಂತಿ ಹರಿಯುವುದಿಲ್ಲ, ತುಸು ಕೊಟ್ಟು ಮತ್ತೆ ಹಿಡಿಯುತ್ತದೆ. ಇದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಬಾಗಿಲ ಸಂದಿಗಳಿಗೆ ಗೋಣಿ ತುರುಕುತ್ತಿದ್ದರು. ಕಾರಣ ಕೇಳಿದಾಗ ಅವರು ಹೇಳಿದ್ದು ಇದು: "ಗಾಳಿ ಮ್ಯಾಲಿಂದ ಬರಂಗಿಲ್ರಿ ಸರ. ಬಾಗಲದಾಗಿಂದ ಬರ್ತದ, ಮನ್ಯಾಗ ಕೂತ್ಕೋತದ, ಆಮ್ಯಾಲ ಎದ್ದು ಪತ್ರಾ ಎತ್ತತದ."

ನಾನು ನಕ್ಕೆ. ಗಾಳಿಯನ್ನು ನೆಂಟರ ಹಾಗೆ ಮನೆಯಲ್ಲಿ ಕೂರಿಸಿದ್ದಕ್ಕೆ ನಕ್ಕೆ. ಅವರು ಹೇಳಿದ್ದು ಪೂರ್ತಿ ಸರಿಯಾಗಿತ್ತು ಎಂದು ನನ್ನ ಪುಸ್ತಕದಲ್ಲೇ ಇತ್ತು. ಅದನ್ನೇ ನಾನು ಕರಿಹಲಗೆಯ ಮೇಲೆ ಚಿತ್ರ ಬರೆದು ಮಕ್ಕಳಿಗೆ ಹೇಳುತ್ತಿದ್ದೆ.

ಅವರ ಇನ್ನೊಂದು ವ್ಯವಸ್ಥೆ ಕುಕ್ಕರಿನದು. ಓಣಿಯವರ ರೇಷನ್ ಕಾರ್ಡು, ಮಕ್ಕಳ ಟಿ.ಸಿ., ಜಾತಿ ಪ್ರಮಾಣಪತ್ರ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ತಮ್ಮ ದೊಡ್ಡ ಕುಕ್ಕರಿನಲ್ಲಿಟ್ಟು ಮುಚ್ಚಳ ಬಿಗಿಯುತ್ತಿದ್ದರು. ನೀರೂ ಹೋಗದು, ಇಲಿಯೂ ಹೋಗದು. ಜೂನಿನ ಮಿರಗದ ಮಳೆ ಮುಗಿಯುವವರೆಗೂ ಅವರ ಮನೆಯಲ್ಲಿ ಬೇಳೆ ಬೇಯುತ್ತಿದ್ದುದು ತೆರೆದ ಪಾತ್ರೆಯಲ್ಲೇ. ನನ್ನ ಎಂ.ಎಸ್ಸಿ. ಪದವಿಪತ್ರ ಎರಡು ಬೇಸಿಗೆ ಆ ಕುಕ್ಕರಿನಲ್ಲಿತ್ತು. ಮುಂದೆ ಬೀದರಿನಲ್ಲಿ ಕಾಯಂ ಕೆಲಸದ ಸಂದರ್ಶನಕ್ಕೆ ಅದನ್ನು ಒಯ್ದಾಗ, ಕಡತ ನೋಡುತ್ತಿದ್ದವರು ಒಮ್ಮೆ ಮೂಸಿ ನೋಡಿ ನನ್ನ ಮುಖ ನೋಡಿದರು. ಅದು ತೊಗರಿಬೇಳೆಯ ವಾಸನೆ ಎಂದು ನಾನು ಹೇಳಲಿಲ್ಲ.

ಬರದ ವರ್ಷ ಇದನ್ನೆಲ್ಲ ಮಾಡುವುದು ಓಣಿಗೆ ತಮಾಷೆಯಾಗಿತ್ತು. ಎರಡನೆಯ ಖೋಲಿಯ ಅಜ್ಜ ಕಟ್ಟೆಯ ಮೇಲೆ ಕೂತು, "ಕುಡೀಲಿಕ್ಕಿ ನೀರಿಲ್ಲ, ಮೌಶಿ ಮಳಿಗಿ ಮನಿ ಕಟ್ಲತ್ತಾಳ" ಎಂದು ಹೋಗಿ ಬರುವವರಿಗೆಲ್ಲ ಹೇಳುತ್ತಿದ್ದರು. ಮೌಶಿ ಹಲ್ಲಲ್ಲಿದ್ದ ತಂತಿ ತೆಗೆದು, "ಗಾಳಿಗಿ ಬರ ಇರಂಗಿಲ್ಲ ಕಾಕಾ" ಎಂದು ಮತ್ತೆ ಕಚ್ಚಿಕೊಂಡರು. ಅದು ನಿಜವೂ ಆಗಿತ್ತು. ಆ ವರ್ಷಗಳಲ್ಲಿ ಮಳೆ ಬರಲಿಲ್ಲ, ಗಾಳಿ ಮಾತ್ರ ಬಂತು. ಮಧ್ಯಾಹ್ನ ನಾಲ್ಕಕ್ಕೆ ಆಕಾಶ ಮಣ್ಣಿನ ಬಣ್ಣವಾಗಿ, ಅರ್ಧ ತಾಸು ಎಲ್ಲವನ್ನೂ ಎತ್ತಿ ಎಸೆದು, ನಾಲ್ಕು ಹನಿ ಹಾಕಿ ಮಹಾರಾಷ್ಟ್ರದ ಕಡೆ ಹೋಗಿಬಿಡುತ್ತಿತ್ತು.

ಅವರಿಗೆ ಹಟವೆಂದು ಇದ್ದುದು ಒಂದೇ ವಿಷಯದಲ್ಲಿ. ಪತ್ರಾದ ಮೇಲೆ ಕಲ್ಲು ಇರಬಾರದು.

ನಮ್ಮ ಸೀಮೆಯಲ್ಲಿ ಪತ್ರಾ ಎಂದರೆ ಅದರ ಮೇಲೆ ಕಲ್ಲು ಇದ್ದೇ ಇರುತ್ತದೆ. ಭಾಲ್ಕಿಯಿಂದ ಕಮಲನಗರದವರೆಗೆ ಬಸ್ಸಿನ ಕಿಟಕಿಯಿಂದ ನೋಡಿದರೆ ಮನೆಗಳ ಮೇಲೆಲ್ಲ ಕೆಂಪು ಕಲ್ಲುಗಳು. ಬೋಲ್ಟು ಇಲ್ಲದವರು ಕಲ್ಲು ಇಡುತ್ತಾರೆ. ಅಪ್ಪ ಇಟ್ಟಿದ್ದ, ಮಗ ಇಡುತ್ತಾನೆ. ಮೌಶಿ ಏಳೂ ಖೋಲಿಗಳ ಮೇಲಿನ ಕಲ್ಲು ಇಳಿಸಿ ಹಿತ್ತಲ ಗೋಡೆಗೆ ಒರಗಿಸಿಡುತ್ತಿದ್ದರು. "ಪತ್ರಾ ಗಾಳಿ ಒಯ್ತದ, ಒಯ್ಲಿ. ಕಲ್ಲು ಒಯ್ಯಂಗಿಲ್ಲ. ನಮ್ ತಲಿ ಮ್ಯಾಲೆ ಇಟ್ಟು ಹೋಗ್ತದ." ಈ ಮಾತನ್ನು ಅವರು ನೂರು ಸಲವಾದರೂ ಆಡಿರಬಹುದು.

ಅವರ ಗಂಡ ಹಾಗೆ ಕಲ್ಲು ಬಿದ್ದೇ ಸತ್ತದ್ದು ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಯಾರು ಹೇಳಿದ್ದರೋ ನೆನಪಿಲ್ಲ. ಯಾರೂ ಹೇಳಿರಲಿಲ್ಲ ಎಂದೇ ಈಗ ಅನಿಸುತ್ತದೆ. ಗಂಡ ಸತ್ತದ್ದು ಕಾಮಾಲೆಯಿಂದ ಎಂದು ಅವರ ತಮ್ಮ ಮೊನ್ನೆ ಹೇಳಿದರು. ಕಲ್ಲಿನ ವಿಷಯ ಮೌಶಿ ಬರಿಯ ಕಣ್ಣಿನಿಂದ ನೋಡಿ, ಯೋಚಿಸಿ ತಿಳಿದುಕೊಂಡದ್ದು. ಅಡುಗೆಯ ಹೆಂಗಸೊಬ್ಬರು ಯೋಚಿಸಿ ತಿಳಿದುಕೊಂಡರು ಎಂದು ಒಪ್ಪದೆ ಇರಲು ನನಗೆ ಕಲ್ಲು ಬಿದ್ದು ಸತ್ತ ಗಂಡನೊಬ್ಬ ಬೇಕಾಗಿದ್ದ.

ನಾನು ಭಾಲ್ಕಿಗೆ ಬಂದ ಎರಡನೆಯ ಬೇಸಿಗೆ. ಆರು ಖೋಲಿಗಳ ಕೆಲಸ ಮುಗಿದು ನಾಲ್ಕನೆಯದೊಂದು ಉಳಿದಿತ್ತು. ಅದು ದಿಗಂಬರ, ಸುನೀತಾ ಎಂಬ ಗಂಡಹೆಂಡಿರ ಖೋಲಿ. ಇಬ್ಬರೂ ಪುಣೆಯಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದರು. ಅಷ್ಟರಲ್ಲಿ ಔರಾದಿನಿಂದ ಮೌಶಿಯ ತಮ್ಮನಿಗೆ ಜ್ವರವೆಂದು ಕರೆ ಬಂತು. ಹೊರಡುವಾಗ ಅವರು ನಾಲ್ಕು ಚಾವಿಗಳ ಗೊಂಚಲನ್ನು ನನ್ನ ಕೈಗೆ ಕೊಟ್ಟರು. ತಂತಿ, ಬಿದಿರು, ಟ್ಯೂಬಿನ ಪಟ್ಟಿ ಎಲ್ಲ ನಾಲ್ಕನೆಯ ಬಾಗಿಲ ಮುಂದೆ ಇಟ್ಟಿದ್ದೇನೆ, ನೀವು ನೋಡಿದ್ದೀರಲ್ಲ, ಹಾಗೆಯೇ ಕಟ್ಟಿ ಎಂದರು. ನಿಮಗೆ ತಿಳಿದ ಹಾಗೆ ಮಾಡಿರಿ ಎಂದರು ಎಂದು ನಾನು ಮುಂದೆ ಎಷ್ಟೋ ವರ್ಷ ನೆನಪಿಟ್ಟುಕೊಂಡಿದ್ದೆ. ಅವರು ಹಾಗೆ ಅಂದಿರಲಿಕ್ಕಿಲ್ಲ. ಗಾಳಿಯ ವಿಷಯದಲ್ಲಿ ಯಾರಿಗೂ ತಿಳಿದ ಹಾಗೆ ಮಾಡಲು ಬಿಡುವವರಲ್ಲ ಅವರು.

ನಾನು ಏಣಿ ಹತ್ತಿದೆ. ಪತ್ರಾ ಕಾದಿತ್ತು. ತಂತಿ ಎಳೆದಾಗ ಅಂಗೈ ಕೊಯ್ದಿತು. ಕೆಳಗಿಳಿದು ಬೀಡಿ ಹಚ್ಚಿ, ಮರದ ನೆರಳಿನಲ್ಲಿ ಕೂತು, ಕಾಗದದ ಮೇಲೆ ಗಣಿತ ಮಾಡಿದೆ. ಪತ್ರಾದ ವಿಸ್ತಾರ ಇಷ್ಟು, ಗಾಳಿಯ ವೇಗ ಅಂದಾಜು ಇಷ್ಟು, ಎತ್ತುವ ಬಲ ಇಷ್ಟು. ಆದ್ದರಿಂದ ಇಷ್ಟು ತೂಕ ಇಟ್ಟರೆ ಸಾಕು. ಗಣಿತ ಸರಿಯಾಗಿಯೇ ಇತ್ತು. ವೇಗವನ್ನು ಮಾತ್ರ ನನ್ನ ದಣಿವಿಗೆ ಒಪ್ಪುವಂತೆ ಹಿಡಿದಿದ್ದೆ. ಮೌಶಿ ಇಳಿಸಿಟ್ಟಿದ್ದ ಕಲ್ಲುಗಳನ್ನೇ ಒಂದೊಂದಾಗಿ ಹೊತ್ತು ಮೇಲೆ ಇಟ್ಟೆ. ಆರು ಎಂದು ನನ್ನ ನೆನಪು. ಅವರು ಬಂದ ಮೇಲೆ ಕಾಗದ ತೋರಿಸಿ, ನೋಡಿ, ನಿಮ್ಮ ತಂತಿಯ ಅವಶ್ಯಕತೆಯೇ ಇಲ್ಲ ಎಂದು ಹೇಳುವ ಉತ್ಸಾಹವೂ ಇತ್ತು.

ಮರುದಿನ ಮಧ್ಯಾಹ್ನದ ರೈಲಿಗೆ ದಿಗಂಬರ ಸುನೀತಾ ಬಂದಿಳಿದರು. ಅಲ್ಲಿ ಕೆಲಸ ನಿಂತಿತ್ತು. ಚಾವಿ ಕೇಳಿದರು, ಕೊಟ್ಟೆ. ಕಲ್ಲಿನ ಮಾತು ನಾನು ಎತ್ತಲಿಲ್ಲ. ಎತ್ತಬೇಕೆಂದು ಹೊಳೆಯಲೇ ಇಲ್ಲ. ನಾಲ್ಕರ ಹೊತ್ತಿಗೆ ಗಾಳಿ ಎದ್ದಿತು. ನಾನು ನನ್ನ ಖೋಲಿಯಲ್ಲಿ, ಮೌಶಿ ಕಟ್ಟಿದ ಪತ್ರಾದ ಕೆಳಗೆ, ತಂತಿ ಕಿರುಗುಟ್ಟುವುದನ್ನು ಕೇಳುತ್ತ ಕೂತಿದ್ದೆ. ಆಮೇಲೆ ಗೋಡೆಯಾಚೆ ಒಂದು ದೊಡ್ಡ ಸದ್ದು, ಅದರ ಹಿಂದೆಯೇ ಕೂಗು. ಹೊರಗೆ ಬಂದು ನೋಡಿದರೆ ನಾಲ್ಕನೆಯ ಖೋಲಿಯ ಮೇಲೆ ಪತ್ರಾ ಇರಲಿಲ್ಲ. ಕಲ್ಲುಗಳೆಲ್ಲ ಒಳಗೆ ಬಿದ್ದಿದ್ದವು. ಸುನೀತಾ ಹಾಸಿಗೆಯ ಗಂಟು ಬಿಚ್ಚುತ್ತ ಕೂತಿದ್ದಳಂತೆ. ಒಂದು ಕಲ್ಲು ಬಲಗೈಯ ಮೊಣಕೈ ಮೇಲೆ ಬಿದ್ದು ಎಲುಬು ಪುಡಿಯಾಗಿತ್ತು.

ಮರುದಿನ ಬೆಳಿಗ್ಗೆ ಮೌಶಿ ಔರಾದಿನಿಂದ ಬಂದರು. ಓಣಿಯವರೆಲ್ಲ ನಾಲ್ಕನೆಯ ಖೋಲಿಯ ಮುಂದೆ ನಿಂತಿದ್ದರು. ದಿಗಂಬರ ಬೀದರಿನ ಆಸ್ಪತ್ರೆಯಿಂದ ಬಟ್ಟೆ ಒಯ್ಯಲು ಬಂದಿದ್ದ. ಅವನ ಅಂಗಿಯ ಮೇಲೆ ಇನ್ನೂ ರಕ್ತವಿತ್ತು.

"ನಿಮ್ ಕೈಯಾಗ ಚಾವಿ ಕೊಟ್ಟು ಹೋಗಿದ್ದೇವ್ ಮೌಶಿ," ಎಂದ. "ಊರಿಗೆಲ್ಲ ಕಲ್ಲು ಇಡಬ್ಯಾಡ್ರಿ ಅಂತ ಹೇಳ್ತಿರಿ. ನಮ್ ಮನಿ ಮ್ಯಾಲೆ ಯಾರಿಟ್ರು?"

ಮೌಶಿ ಒಳಗೆ ಹೋಗಿ ನೆಲದ ಮೇಲಿನ ಕಲ್ಲುಗಳನ್ನು ನೋಡಿದರು. ಬಾಗಿಲ ಮುಂದೆ ತಾವು ಇಟ್ಟುಹೋದ ಹಾಗೆಯೇ ಬಿದ್ದಿದ್ದ ತಂತಿಯ ಸುರುಳಿಯನ್ನು ನೋಡಿದರು. ಆಮೇಲೆ ನನ್ನ ಕಡೆ ನೋಡಿದರೋ ಇಲ್ಲವೋ ಹೇಳಲಾರೆ, ಏಕೆಂದರೆ ನಾನು ಅವರ ಕಡೆ ನೋಡುತ್ತಿರಲಿಲ್ಲ.

"ಚಾವಿ ನನ್ ಬಲ್ಲಿ ಇತ್ತಪ್ಪ," ಎಂದರು. "ಜಿಮ್ಮಾ ನಂದೇ."

ಹೊಣೆ ತಮ್ಮದು ಎಂದು ಅಷ್ಟೇ ಹೇಳಿದರು. ಕಲ್ಲು ನಾನು ಇಟ್ಟೆ ಎಂದು ಅವರು ಹೇಳಲಿಲ್ಲ. ಹೇಳಬೇಕಾದವನು ನಾನು, ಮೂರು ಮಾರು ದೂರದಲ್ಲಿ ನಿಂತಿದ್ದೆ. ಕಾಲೇಜಿನಲ್ಲಿ ನನ್ನ ಕೆಲಸ ಕಾಯಂ ಆಗುವ ಮಾತು ನಡೆದಿತ್ತು, ಪೊಲೀಸರ ಭಯವಿತ್ತು ಎಂದು ಮುಂದೆ ನಾನೇ ನನಗೆ ಕಾರಣ ಕೊಟ್ಟುಕೊಂಡಿದ್ದೇನೆ. ಆ ಹೊತ್ತಿಗೆ ಅಂಥ ಯಾವ ಯೋಚನೆಯೂ ಇರಲಿಲ್ಲ. ಯಾರೂ ನನ್ನನ್ನು ಕೇಳಲಿಲ್ಲ, ನಾನು ಸುಮ್ಮನಿದ್ದೆ.

ಮೌಶಿ ಬೀದರಿನ ಆಸ್ಪತ್ರೆಗೆ ಹೋಗಿ, ಸುನೀತಾ ಬಿಡುಗಡೆಯಾಗುವವರೆಗೆ ಅಲ್ಲೇ ವರಾಂಡದಲ್ಲಿ ಇದ್ದರು. ನಾನು ಒಂದು ಸಲ ಮೋಸಂಬಿ ಒಯ್ದಿದ್ದೆ. ಎಲ್ಲರೂ ಎದ್ದು ನಿಂತು, ಸರ್ ಬಂದರು ಎಂದು ಸ್ಟೂಲು ಕೊಟ್ಟರು. ಮೌಶಿ ನನ್ನ ಕೈಯಿಂದ ಚೀಲ ತೆಗೆದುಕೊಂಡು ಮೋಸಂಬಿ ಸುಲಿಯಲು ಕೂತರು. ಸುನೀತಾಳ ಮಡಚಿದ ಕೈ ಮತ್ತೆ ನೆಟ್ಟಗಾಗಲಿಲ್ಲ. ತಲೆಯ ಮೇಲಿನ ಬುಟ್ಟಿ ಎತ್ತಲು ಇಳಿಸಲು ಎರಡು ಕೈ ಬೇಕು. ಗಾರೆ ಕೆಲಸ ಅಲ್ಲಿಗೆ ಮುಗಿಯಿತು.

ಆಮೇಲೆ ಚಾವಿಗಳು ಹೋದವು. ಮೊದಲು ದಿಗಂಬರನದು. ಉಳಿದವರು ದೀಪಾವಳಿಗೆ ಊರಿಗೆ ಬಂದಾಗ ಒಬ್ಬೊಬ್ಬರಾಗಿ ಏಳನೆಯ ಖೋಲಿಗೆ ಬಂದರು. ನಮ್ಮ ಅಳಿಯ ಕೇಳುತ್ತಿದ್ದಾನೆ, ನಿಮಗೂ ವಯಸ್ಸಾಯಿತು, ಯಾಕೆ ತೊಂದರೆ ಎಂದು ಏನೇನೋ ಹೇಳಿದರು. ಮೌಶಿ ಗೊಂಚಲು ಬಿಚ್ಚಿ ಅವರವರದನ್ನು ಅವರವರಿಗೆ ಕೊಟ್ಟು, ಚಹಾ ಕುಡಿಸಿ ಕಳಿಸಿದರು. ಕುಕ್ಕರಿನಲ್ಲಿ ಇಡುತ್ತಿದ್ದ ಕಾಗದಗಳೂ ವಾಪಸು ಹೋದವು. ನಾನು ಮಾತ್ರ ನನ್ನ ಪದವಿಪತ್ರ ಕೇಳಲಿಲ್ಲ. ಅದನ್ನೇ ನನ್ನ ದೊಡ್ಡ ನಿಷ್ಠೆ ಎಂದು ಆಗ ಭಾವಿಸಿದ್ದೆ.

ಮರುವರ್ಷ ಏಪ್ರಿಲಿನಲ್ಲಿ ಅವರು ಏಣಿ ಹತ್ತಿದ್ದು ಎರಡೇ ಖೋಲಿಗಳಿಗೆ, ತಮ್ಮದಕ್ಕೆ ಮತ್ತು ನನ್ನದಕ್ಕೆ. ನಾನು ಕೆಳಗೆ ಹಿಡಿದು ನಿಂತಿದ್ದೆ. ಮೇಲಿನಿಂದಲೇ ಅವರು ಕೇಳಿದರು ಎಂದು ನನ್ನ ನೆನಪು.

"ಅವತ್ತ ಎಷ್ಟ ಕಲ್ಲು ಇಟ್ಟಿದ್ರಿ ಸರ?"

"ಆರು," ಎಂದೆ.

"ಎಂಟಿದ್ವು. ನಾ ಎತ್ತಿ ಹೊರಗ ಹಾಕೀನಿ."

ತಂತಿ ಎಳೆದು ಕಟ್ಟಿ ಇಳಿದು ಬಂದರು. ಈ ಸಂಭಾಷಣೆ ನಿಜವಾಗಿ ನಡೆಯಿತೇ ಎಂದು ನನಗೆ ಖಾತ್ರಿಯಿಲ್ಲ. ಅವರಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಕ್ಷಮಿಸಿದರು ಎಂದು ಇದ್ದರೆ ನನಗೆ ಹಗುರ. ಹಾಗಾಗಿ ನಾನೇ ಕಟ್ಟಿಕೊಂಡಿರಬಹುದು. ಆದರೆ ಕಟ್ಟಿಕೊಳ್ಳುವವನು ಎಂಟು ಎಂಬ ಸಂಖ್ಯೆಯನ್ನು ಎಲ್ಲಿಂದ ತರುತ್ತಾನೆ? ಮತ್ತು ಆ ಮಾತಿನಲ್ಲಿ ಕ್ಷಮೆ ಎಲ್ಲಿದೆ? ಎಷ್ಟು ಹುಡುಕಿದರೂ ಸಿಕ್ಕಿಲ್ಲ.

ಆಮೇಲೆ ನನಗೆ ಬೀದರಿನಲ್ಲಿ ಕೆಲಸವಾಯಿತು. ಅವರು ಹಾಸ್ಟೆಲಿನಿಂದ ನಿವೃತ್ತರಾಗಿ ಔರಾದಿಗೆ ತಮ್ಮನ ಮನೆಗೆ ಹೋದರು. ಬೀದರಿನಿಂದ ಔರಾದಿಗೆ ಬಸ್ಸಿನಲ್ಲಿ ಅರ್ಧ ದಿನವೂ ಬೇಡ. ಇಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಹೋಗಲಿಲ್ಲ.

ರವಿವಾರ ಹೋದೆ. ಮನೆಯ ಮುಂದೆ ಶಾಮಿಯಾನ, ಬುದ್ಧನ ಮೂರ್ತಿಯ ಪಕ್ಕ ಮೌಶಿಯ ಫೋಟೋ. ಫೋಟೋದಲ್ಲಿನ ಮುಖ ನನಗೆ ಅಪರಿಚಿತವೆನಿಸಿತು. ವಂದನೆ ಮುಗಿದ ಮೇಲೆ ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಹಾಸ್ಟೆಲಿನಲ್ಲಿ ಅವರ ಕೈಯಡುಗೆ ಉಂಡು ಈಗ ನರ್ಸ್ ಆಗಿರುವ ಹೆಂಗಸೊಬ್ಬರು ಅತ್ತರು. ಭಾಲ್ಕಿಯ ಓಣಿಯಿಂದ ಬಂದಿದ್ದ ಒಬ್ಬರು, ಮೌಶಿ ಬಹಳ ಒಳ್ಳೆಯವರು, ಆ ಒಂದು ಪತ್ರಾದ ವಿಷಯದಲ್ಲಿ ಮಾತ್ರ ಅವರಿಂದ ತಪ್ಪಾಯಿತು, ಮನುಷ್ಯರೆಂದ ಮೇಲೆ ಆಗುತ್ತದೆ ಎಂದರು. ಮೌಶಿಯ ತಮ್ಮ ತಲೆ ತಗ್ಗಿಸಿ ಕೂತಿದ್ದರು.

ನನ್ನ ಸರದಿ ಬಂತು. ಬರೆದುಕೊಂಡ ಅರ್ಧ ಪುಟವನ್ನು ಜೇಬಿನಲ್ಲೇ ಬಿಟ್ಟೆ. ಮೈಕಿನಲ್ಲಿ, ಆ ಕಲ್ಲು ಇಟ್ಟವನು ನಾನು, ಮೌಶಿ ತಂತಿ ಕಟ್ಟಲು ಹೇಳಿ ಔರಾದಿಗೆ ಬಂದಿದ್ದರು, ನಾನು ಕಟ್ಟಲಿಲ್ಲ, ಇಷ್ಟು ವರ್ಷ ಹೇಳಲೂ ಇಲ್ಲ ಎಂದೆ. ಅಷ್ಟು ಹೇಳಲು ಒಂದು ನಿಮಿಷವೂ ಬೇಕಾಗಲಿಲ್ಲ. ಆಮೇಲೆ ನಿರೂಪಣೆ ಮಾಡುತ್ತಿದ್ದವರು ಮೈಕ್ ತೆಗೆದುಕೊಂಡು, ಸತ್ತವರ ಮೇಲೆ ಒಂದು ಮಾತು ಬರಬಾರದೆಂದು ಮೌಶಿಯ ತಪ್ಪನ್ನು ಸರ್ ತಮ್ಮ ಮೇಲೆ ಹಾಕಿಕೊಂಡರು, ಇಂಥ ದೊಡ್ಡ ಮನಸ್ಸು ಎಲ್ಲರಿಗೂ ಬರುವುದಿಲ್ಲ ಎಂದರು. ಜನ ಚಪ್ಪಾಳೆ ತಟ್ಟಿದರು. ಮೌಶಿಯ ತಮ್ಮ ಎದ್ದು ಬಂದು ನನ್ನ ಕೊರಳಿಗೆ ಶಾಲು ಹಾಕಿದರು. ಇಲ್ಲ, ನಿಜ ಹೇಳುತ್ತಿದ್ದೇನೆ ಎಂದು ಅವರ ಕಿವಿಯ ಬಳಿ ಹೇಳಿದೆ. ಇರಲಿ ಬಿಡ್ರಿ ಎಂದು ಅವರು ನನ್ನ ಕೈ ಒತ್ತಿದರು.

ಊಟದ ಪಂಕ್ತಿಯಲ್ಲಿ ಶಾಲು ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನೆರೆಗೂದಲಿನ ಹೆಂಗಸೊಬ್ಬಳು ನನ್ನ ಮುಂದೆ ನಿಂತಳು. ಬಲಗೈಯನ್ನು ಸೆರಗಿನೊಳಗೆ ಹೊಟ್ಟೆಗೆ ಒತ್ತಿಕೊಂಡಿದ್ದಳು. ಅದರಿಂದ ಗುರುತು ಸಿಕ್ಕಿತು.

"ಸುನೀತಾ, ನಾನು ಹೇಳಿದ್ದು ಖರೆ," ಎಂದೆ.

"ಗೊತ್ತದರಿ," ಎಂದಳು. "ಅವತ್ತ ಚಾವಿ ಕೊಟ್ಟಾವ್ರು ನೀವೇ. ಮೌಶಿ ಊರಾಗೇ ಇರ್ಲಿಲ್ಲ. ಆಕಿ ಕಲ್ಲು ಇಡಾಕಿ ಅಲ್ಲ ಅಂತ ನಮಗ ಗೊತ್ತಿರ್ಲಿಲ್ಲೇನ್ರಿ?"

"ಮತ್ತ ಆಕೀಗಿ ಯಾಕ ಅಂದ್ರಿ?"

ಸುನೀತಾ ಆಚೆ ಈಚೆ ನೋಡಿದಳು. ಪಕ್ಕದ ಎಲೆಯವರು ಮಾತಿನಲ್ಲಿದ್ದರು. ದನಿ ಏರಿಸದೆ, ಮನೆಯ ಮಾತೊಂದನ್ನು ಹೇಳುವ ಹಾಗೆ ಹೇಳಿದಳು.

"ಯಾರಿಗಾದ್ರೂ ಅನಬೇಕಾಗಿತ್ತು. ನಿಮಗ ಹ್ಯಾಂಗ ಅನ್ನದ್ರಿ, ನೀವು ಸರ್ ಇದ್ರಿ. ಆಕಿ ನಮ್ಮಾಕಿ ಇದ್ಳು, ಕೈಗಿ ಸಿಕ್ಳು."

ತನ್ನ ಹಿಂದೆ ಬಂದವರು ಹಿಡಿದಿದ್ದ ಪಾತ್ರೆಯಿಂದ ಸೌಟು ತೆಗೆದುಕೊಂಡು, ಎಡಗೈಯಲ್ಲಿ ನನ್ನ ಎಲೆಗೆ ಅನ್ನ ಬಡಿಸಿದಳು. ಅದರ ಮೇಲೆ ಬೇಳೆ ಹಾಕಿ, ಉಣ್ರಿ ಎಂದು ಮುಂದಿನ ಎಲೆಗೆ ಹೋದಳು.

ನಾನು ಉಂಡೆ.